ಕರಾಮದಿಂದ ಕಂಡ ಒಲೆ

ಮಗಳು ಓದಲು ಸ್ಪೇನಿನ ವೆಲೆನ್ಸಿಯಾಕ್ಕೆ ಹೋಗಿ ಮೂರನೆಯ ವಾರವಿರಬೇಕು. ದುಬೈಯ ಕರಾಮದ ನಮ್ಮ ಫ್ಲ್ಯಾಟಿನಲ್ಲಿ ಇದ್ದಷ್ಟು ಕಾಲ ಅವಳು ಒಲೆ ಹಚ್ಚಿದವಳಲ್ಲ. ವೆಲೆನ್ಸಿಯಾದ ಮಾತು ಅವಳ ಬಾಯಿಗೆ ಬರುತ್ತಿರಲಿಲ್ಲ, ಊಟ ಹೊಟ್ಟೆಗೆ ಸೇರುತ್ತಿರಲಿಲ್ಲ. ಹಾಗಾಗಿ ಅಲ್ಲಿ ಮಧ್ಯಾಹ್ನ ತಿರುಗುವ ಹೊತ್ತಿಗೆ ನನಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಅಡುಗೆಮನೆಯ ಗೋಡೆಗೆ ಒರಗಿಸಿ, ನಾನು ಹೇಳಿದ ಹಾಗೆ ಬೇಯಿಸಿಕೊಳ್ಳುತ್ತಿದ್ದಳು.

ಆ ದಿನ ಸಾರಿನ ಒಗ್ಗರಣೆಗೆಂದು ಒಲೆ ಹಚ್ಚಿ ಬಾಣಲೆಗೆ ಎಣ್ಣೆ ಸುರಿದಳು. ಜಾಸ್ತಿಯಾಯಿತು ಎನ್ನುವಷ್ಟರಲ್ಲಿ, "ಅಮ್ಮ, ಒನ್ ಮಿನಿಟ್, ಕಸದ ಚೀಲ ಹೊರಗಿಟ್ಟು ಬರ್ತೇನೆ" ಎಂದು ಮರೆಯಾದಳು. ಧಡಾರನೆ ಬಾಗಿಲು ಬಡಿಯಿತು. ಕಿಟಕಿ ತೆರೆದಿತ್ತು, ಗಾಳಿಯಿತ್ತು. ಎಳೆದುಕೊಂಡರೆ ತಾನೇ ಲಾಕ್ ಆಗುವ ಬಾಗಿಲು ಅದು.

ಆಮೇಲೆ ಅವಳು ಬಾಗಿಲು ಬಡಿಯುವುದು ಕೇಳಿಸಿತು. "ಅಮ್ಮಾ, ಕೀ ಒಳಗುಂಟು." ಫೋನೂ ಒಳಗೇ ಇತ್ತು. ಜೊತೆಯ ಹುಡುಗಿಯರಿಬ್ಬರೂ ಕ್ಲಾಸಿಗೆ ಹೋಗಿದ್ದರು. ನನ್ನ ಫೋನಿನ ಪರದೆಯಲ್ಲಿ ಉಳಿದದ್ದು ಒಲೆ, ಬಾಣಲೆ ಮತ್ತು ಅದರ ಹಿಂದೆ ತೂಗಾಡುವ ಕಿಟಕಿಯ ಪರದೆಬಟ್ಟೆ. ನಾನು ಕೂಗಿದೆ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

ಎಣ್ಣೆಯಿಂದ ತೆಳ್ಳಗೆ ಹೊಗೆ ಏಳತೊಡಗಿತು. ನನ್ನವರು ಕೆಲಸದ ಮೇಲೆ ಅಬುಧಾಬಿಯಲ್ಲಿದ್ದರು. ಕಾಲ್ ಕತ್ತರಿಸಿ ಯಾರಿಗಾದರೂ ಫೋನ್ ಮಾಡೋಣವೆಂದರೆ, ಕತ್ತರಿಸಿದ ಮೇಲೆ ಅಲ್ಲಿ ಏನಾಯಿತೆಂದು ತಿಳಿಯುವುದು ಹೇಗೆ? ಫೋನನ್ನು ಎದುರಿಗೆ ಹಿಡಿದುಕೊಂಡೇ ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದೆ. ಅಲ್ಲಿರುವವರು ಭಟ್ಕಳದವರು, ಯಜಮಾನರಿಗೆ ಮುರಕ್ಕಬಾತ್‌ನಲ್ಲಿ ಬಟ್ಟೆ ಅಂಗಡಿ. ಆ ಮನೆಯಾಕೆಯನ್ನು ನಾನು ಭಾಬಿ ಎನ್ನುತ್ತೇನೆ.

"ಭಾಬಿ, ನಿಮ್ಮ ಫೋನ್ ಕೊಡಿ."

ಅವರು ಒಂದು ಸಲ ಪರದೆ ನೋಡಿ ಫೋನ್ ಕೊಟ್ಟರು. ಮಗಳು ಮನೆ ಹಿಡಿದಾಗ ಮಾಲಕಿಯ ನಂಬರು ಕಳಿಸಿದ್ದಳು. ಕಾಲ್ ಕತ್ತರಿಸದೆ ಅದನ್ನು ನನ್ನ ಫೋನಿನಲ್ಲಿ ಹುಡುಕಿ, ಭಾಬಿಯ ಫೋನಿನಲ್ಲಿ ಒತ್ತಿದೆ. ಹೆಂಗಸೊಬ್ಬರು ಎತ್ತಿಕೊಂಡರು. ನಾನು ಇಂಗ್ಲಿಷಿನಲ್ಲಿ ಬೆಂಕಿ, ಬಾಗಿಲು, ಮಗಳು ಎಂದೆಲ್ಲ ಹೇಳಿದೆ. ಆಕೆ ಸ್ಪ್ಯಾನಿಷಿನಲ್ಲಿ ಏನೋ ಕೇಳಿದರು, ಮತ್ತೊಮ್ಮೆ ಕೇಳಿದರು, ಕೊನೆಗೆ ಫೋನ್ ಇಟ್ಟುಬಿಟ್ಟರು.

"ಮಾತು ಬೇಡ ಅಕ್ಕಾ, ಫೋಟೊ ಕಳಿಸುವ" ಎಂದರು ಭಾಬಿ. "ಅವರದ್ದೇ ಅಡುಗೆಮನೆ ಅಲ್ವಾ, ಗುರ್ತು ಸಿಗ್ತದೆ."

ನಾನು ನನ್ನ ಫೋನನ್ನು ಅಲುಗದಂತೆ ಹಿಡಿದೆ. ಅವರು ತಮ್ಮದರಲ್ಲಿ ಅದರ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಒಂದು ಟಿಕ್ ಬಂತು, ಎರಡಾಯಿತು, ನೀಲಿಯಾಗಲಿಲ್ಲ. ಅಷ್ಟರಲ್ಲಿ ಬಾಣಲೆಯ ಅಂಚಿಗೆ ಕಿತ್ತಳೆ ಬಣ್ಣದ ನಾಲಗೆಯೊಂದು ಎದ್ದಿತು. ಭಾಬಿ ತುಟಿ ಅಲುಗಿಸುತ್ತ ದುವಾ ಹೇಳಿಕೊಳ್ಳುತ್ತಿದ್ದರು. ನನಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ. ಪರದೆಬಟ್ಟೆ ಒಂದೊಂದು ಸಲ ಗಾಳಿಗೆ ಮುಂದಕ್ಕೆ ಬಂದಾಗಲೂ ಉಸಿರು ಹಿಡಿಯುತ್ತಿದ್ದೆ. ಬಾಗಿಲು ಬಡಿಯುವ ಸದ್ದು ನಿಂತುಹೋಗಿತ್ತು. ಅದು ನಿಂತದ್ದೇ ನನ್ನನ್ನು ಹೆಚ್ಚು ಹೆದರಿಸಿತು.

"ನೋಡಿದ್ರು" ಎಂದರು ಭಾಬಿ.

ಆಮೇಲೆ ಎಷ್ಟು ಹೊತ್ತಾಯಿತೋ ತಿಳಿಯದು. ಹೊಗೆಯಲ್ಲಿ ಒಲೆ ಅರ್ಧ ಮುಚ್ಚಿಹೋಗಿದ್ದಾಗ ಬೀಗ ತಿರುಗಿದ ಸದ್ದಾಯಿತು. ಏಪ್ರನ್ ಕಟ್ಟಿದ ದಪ್ಪನೆಯ ಹೆಂಗಸು ನುಗ್ಗಿ ಬಂದು, ದೊಡ್ಡ ಮುಚ್ಚಳವೊಂದನ್ನು ಬಾಣಲೆಯ ಮೇಲೆ ಕವುಚಿ ಗ್ಯಾಸ್ ಆರಿಸಿದರು. ಪಕ್ಕದ ಬೀದಿಯಿಂದ ಓಡಿ ಬಂದಿದ್ದರಂತೆ. ಹಿಂದೆಯೇ ಮಗಳು. ಪಕ್ಕದವರನ್ನು ಕರೆಯಲು ಅವಳು ಮೆಟ್ಟಿಲು ಇಳಿದು ಹೋಗಿದ್ದಳಂತೆ, ಯಾರ ಮನೆಯಲ್ಲೂ ಜನರಿರಲಿಲ್ಲವಂತೆ.

ಮಾಲಕಿ ಫೋನಿನ ಮುಂದೆ ಬಗ್ಗಿ ನನಗೆ ಉದ್ದಕ್ಕೆ ಏನೋ ಹೇಳಿದರು.

"ಎಂಥ ಹೇಳ್ತಿದ್ದಾರೆ?" ಎಂದೆ.

"ಗೊತ್ತಿಲ್ಲ ಅಮ್ಮ" ಎಂದಳು. ಮುಖ ಬಿಳಿಚಿಕೊಂಡಿತ್ತು. "ಬೈತಿದ್ದಾರಾ, ಸಮಾಧಾನ ಮಾಡ್ತಿದ್ದಾರಾ, ಅದೂ ಗೊತ್ತಾಗ್ತಿಲ್ಲ."

ಬೈದಿರಲಿಕ್ಕಿಲ್ಲ. ಆ ಮಧ್ಯಾಹ್ನ ಅವಳನ್ನು ತಮ್ಮ ಮನೆಗೇ ಕರೆದುಕೊಂಡು ಹೋಗಿ ಊಟ ಹಾಕಿದರು. ನಾನು ಭಾಬಿಯ ಸೋಫಾದಲ್ಲಿ ಕುಳಿತೆ, ಅವರು ಹಾಲು ಹಾಕದ ಸುಲೈಮಾನಿ ಚಹಾ ಮಾಡಿ ಕೊಟ್ಟರು. "ವಾಪಸ್ ಕರೆಸುವುದಾ?" ಎಂದು ನನ್ನವರು ಫೋನಿನಲ್ಲಿ ಕೇಳಿದಾಗ ಹೂಂ ಎನ್ನಬೇಕೆಂದೇ ಇದ್ದೆ. ನಾಳೆ ಮಾತಾಡುವ ಎಂದೆ.

ಮರುದಿನ ಮಗಳೇ ಫೋನ್ ಮಾಡಿದಳು. ಮಾಲಕಿ ಒಂದು ವಾಕ್ಯ ಕಲಿಸಿದ್ದರಂತೆ, ಬಾಯಿಪಾಠ ಆಗುವವರೆಗೆ ಬಿಟ್ಟಿರಲಿಲ್ಲವಂತೆ. "ಮೆ ಎ ಕೆದಾದೊ ಫುವೆರಾ. ನಾನು ಹೊರಗೆ ಉಳಿದುಬಿಟ್ಟೆ ಅಂತ ಅರ್ಥ" ಎಂದಳು. "ನೀನೂ ಹೇಳು ಅಮ್ಮ."

ಹೇಳಿದೆ. ಮೂರು ಸಲವೂ ತಪ್ಪಾಯಿತು. ಅವಳು ನಕ್ಕಳು. ಕರೆಸುವ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.