ದಿನಾ ಬೆಳಿಗ್ಗೆ ಕಟ್ಟುತ್ತಿದ್ದ ಬ್ಯಾಗು

ಕಳೆದ ಡಿಸೆಂಬರ್ ಎರಡನೇ ವಾರ, ಹಳೇಬೀಡಿನ ನನ್ನ ಅಕ್ಕನ ಮನೆಯ ಮಹಡಿ ಕೋಣೆಗೆ ಜಪಾನಿನ ಯುವಕನೊಬ್ಬ ಬಾಡಿಗೆಗೆ ಬಂದ. ದೇವಸ್ಥಾನ ನೋಡಲು ಬರುವವರಿಗೆ ಅಕ್ಕ ಆ ಕೋಣೆ ಕೊಡುತ್ತಾಳೆ. ಅವನಿಗೆ ಮೂವತ್ತರ ಆಸುಪಾಸು.

ಮರುದಿನ ಬೆಳಿಗ್ಗೆಯೇ ಅರಸೀಕೆರೆಯಲ್ಲಿರುವ ನನಗೆ ಅಕ್ಕನ ಫೋನ್ ಬಂತು.

"ನೆನ್ನೆ ಬಂದೋನು ಹೊಂಟೋದ ಕಣೋ. ಕೋಣೆ ಗುಡಿಸಿ, ಹಾಸಿಗೆ ಮಡಚಿ, ಬೀಗದ ಕೈ ನನ್ ಕೈಗಿಟ್ಟು ಹೋದ. ನನ್ ಸಾರು ಖಾರ ಆಯ್ತೇನೋ."

ಸಂಜೆ ಮತ್ತೆ ಫೋನ್. "ಬಂದವ್ನೆ ಕಣೋ! ಅದೇ ಬ್ಯಾಗು, ಅದೇ ನಗು."

ಹೀಗೇ ದಿನವೂ. ಊರಿಗೆ ಹೊರಟವರ ಬೆನ್ನಿಗೇ ಮನೆ ಗುಡಿಸುವುದು ನಮ್ಮ ಕಡೆ ಅಶುಭ. ಹೋದವರು ತಿರುಗಿ ಬರುವುದಿಲ್ಲವೆನ್ನುತ್ತಾರೆ. ಇವನು ತಾನೇ ಗುಡಿಸಿ ಹೊರಡುತ್ತಿದ್ದ. ಇವತ್ತೇ ಕೊನೆಯೆಂದು ತಿಳಿದು ಅಕ್ಕ ರೊಟ್ಟಿ, ಚಟ್ನಿ ಕಟ್ಟಿಕೊಡುವಳು. ಮಧ್ಯಾಹ್ನದವರೆಗೆ ಪೊರಕೆ ಮುಟ್ಟುತ್ತಿರಲಿಲ್ಲ. "ಏನಕ್ಕಾ, ದಿನಾ ಅಳಿಯನ್ನ ಊರಿಗೆ ಕಳಿಸ್ತೀಯಲ್ಲ" ಎಂದು ಪಕ್ಕದ ಮನೆಯಾಕೆ ರೇಗಿಸಿದಳು.

ಭಾನುವಾರ ಹಳೇಬೀಡಿಗೆ ಹೋದಾಗ ಅವನನ್ನೇ ಕೇಳಿದೆ. ಹುಲಿಕೆರೆ ಕೊಳದ ಮೆಟ್ಟಿಲ ಮೇಲೆ ಕೂತು, ಮುರುಕು ಇಂಗ್ಲಿಷಿನಲ್ಲೂ ಫೋನಿನ ಅನುವಾದದಲ್ಲೂ ಹೇಳಿದ. ಕಾಲೇಜು ಮುಗಿಯುವಾಗಲೇ ಕಾಯಂ ಕೆಲಸ ಹಿಡಿಯದವರಿಗೆ ಜಪಾನಿನಲ್ಲಿ ಆಮೇಲೆ ಅದು ಸಿಗುವುದು ಕಷ್ಟ. ಅವನಿಗೆ ಸಿಗಲಿಲ್ಲ. ಅಂದಿನಿಂದ ಗುತ್ತಿಗೆ ಕೆಲಸಗಳೇ. ಕೊನೆಯ ಕಾರ್ಖಾನೆಯ ಗುತ್ತಿಗೆ ಮುಗಿದಾಗ ಕೆಲಸದ ಜೊತೆ ಅವರು ಕೊಟ್ಟಿದ್ದ ಕೋಣೆಯೂ ಹೋಯಿತು. ಬಾಡಿಗೆ ಮನೆ ಹಿಡಿಯಲು ಜಾಮೀನು ನಿಲ್ಲುವವರು ಬೇಕು, ಇರಲಿಲ್ಲ. ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಇಂಟರ್‌ನೆಟ್ ಕೆಫೆಯ ಗೂಡಿನಲ್ಲಿ ಮಲಗುತ್ತಿದ್ದ. ಬೆಳಿಗ್ಗೆ ಎಲ್ಲ ಕಟ್ಟಿಕೊಂಡು ಜಾಗ ಖಾಲಿ ಮಾಡಬೇಕು. ಹಳೇಬೀಡಿನ ಶಿಲ್ಪಗಳನ್ನು ಮೊದಲು ನೋಡಿದ್ದು ಆ ಗೂಡಿನ ಪರದೆಯ ಮೇಲೆ.

ವಸತಿಯೂ ಇರುವ ಕಾಯಂ ಕೆಲಸವೊಂದಕ್ಕೆ ಅರ್ಜಿ ಹಾಕಿ, ಕೂಡಿಟ್ಟ ಹಣದಲ್ಲಿ ಅವನ್ನು ನೋಡಲು ಬಂದಿದ್ದ. ಸಂಕ್ರಾಂತಿಯ ಹೊತ್ತಿಗೆ ಉತ್ತರ ಬರಬೇಕಿತ್ತು.

ಅಕ್ಕನಿಗೆ ತಿಳಿಸಿದೆ. "ಅವ್ರ ದೇಶದಾಗೂ ಹಿಂಗೈತಾ?" ಎಂದಳು. "ಅವ್ನಿಗೆ ಅವ್ವ ಇಲ್ವೇನೋ?"

"ಇದ್ದಾರೆ. ಕೆಲಸ ಹೋಗಿದ್ದು ಅವರಿಗೆ ಹೇಳಿಲ್ಲವಂತೆ."

ಮರುದಿನ ಅವನು ಬೀಗದ ಕೈ ಚಾಚಿದಾಗ ಅಕ್ಕ ತೆಗೆದುಕೊಳ್ಳಲಿಲ್ಲ. ಬ್ಯಾಗು ಕಿತ್ತುಕೊಂಡು ಕೋಣೆಯ ಗೂಟಕ್ಕೆ ನೇತುಹಾಕಿದಳು. "ಇಲ್ಲೇ ಮಡಗಪ್ಪಾ. ಯಾರೂ ತಗಳಾಕಿಲ್ಲ." ಮಾತು ಅವನಿಗೆ ತಿಳಿಯಲಿಲ್ಲ, ಗೂಟ ತಿಳಿಯಿತು. ಅಂದು ಬೇಲೂರಿಗೆ ಹೋದವನು ಮಧ್ಯಾಹ್ನವೇ ಬಸ್ಸಿಳಿದು ಬಂದು, ಮೇಲೆ ಹತ್ತಿ, ಬ್ಯಾಗು ಇದೆಯೇ ಎಂದು ನೋಡಿದ. ಆಮೇಲೆ ಅದು ಗೂಟದಲ್ಲೇ ಉಳಿಯಿತು.

ಸಂಕ್ರಾಂತಿಯ ಹಿಂದಿನ ದಿನ ಉತ್ತರ ಬಂತು. ಅವನನ್ನು ತೆಗೆದುಕೊಂಡಿರಲಿಲ್ಲ. ಹಬ್ಬದ ದಿನ ಅಕ್ಕ ಎಳ್ಳು ಬೆಲ್ಲ ಕೊಟ್ಟಳು. ಹಬ್ಬ ಕಳೆದು ಅರಸೀಕೆರೆಯಲ್ಲಿ ಅವನನ್ನು ರೈಲು ಹತ್ತಿಸಿದೆ. ಮನೆಯಿಂದ ಹೊರಡುವಾಗ ಪೊರಕೆಗೆ ಕೈ ಹಾಕಲು ಅಕ್ಕ ಬಿಟ್ಟಿರಲಿಲ್ಲ. ಆ ಕೋಣೆ ಗುಡಿಸಿದ್ದು ಮರುದಿನ.

ಮಾರ್ಚ್‌ನಲ್ಲಿ ಅವನಿಂದ ಸಂದೇಶ ಬಂತು. ಗೋದಾಮೊಂದರಲ್ಲಿ ಕೆಲಸ ಸಿಕ್ಕಿದೆ, ಕೋಣೆ ಕೊಟ್ಟಿದ್ದಾರೆ. ಜೊತೆಗೆ ಒಂದು ಫೋಟೊ: ಬಾಗಿಲ ಹಿಂದಿನ ಕೊಕ್ಕೆಯಲ್ಲಿ ಅದೇ ಬ್ಯಾಗು. ಗುತ್ತಿಗೆ ಸೆಪ್ಟೆಂಬರ್‌ವರೆಗೆ.