ಒದ್ದೆ ಚಪ್ಪಲಿಯ ಡಾಕ್ಟರು

ಪತ್ತೇದಾರಿ ಕಥೆಗಳ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯ ಸಾಲಿನಲ್ಲಿ ಓದುಗರನ್ನು ಬೆಚ್ಚಿಬೀಳಿಸಬೇಕೆಂದೇ ಬರೆದ ಪುಟ್ಟ ಕಥೆಗಳಿರುತ್ತವಲ್ಲ, ಅವುಗಳ ಕೊಲೆಗಾರನನ್ನು ನಾನು ಮೂರನೇ ಪುಟ ದಾಟುವುದರೊಳಗೆ ಹಿಡಿಯುತ್ತಿದ್ದೆ. ಹಿಡಿದು ಸುಮ್ಮನಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಪಕ್ಕದಲ್ಲಿ ಟೀವಿ ನೋಡುತ್ತ ಕುಳಿತ ಯಜಮಾನರಿಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. “ವಿಷ ಹಾಕಿದ್ದು ತಂಗಿ ಕಣ್ರೀ” ಎಂದರೆ ಪಾಪ, ಅವರು “ಯಾರ ತಂಗಿ?” ಎಂದು ಗಾಬರಿಯಾಗುತ್ತಿದ್ದರು.

ಮದುವೆಯಾಗಿ ಮೈಸೂರಿನಿಂದ ವಿಲೆ ಪಾರ್ಲೆಗೆ ಬಂದ ಹೊಸದರಲ್ಲಿ ಕನ್ನಡ ವಾರಪತ್ರಿಕೆಗಳು ಸ್ಟೇಷನ್ ಪಕ್ಕದ ಅಂಗಡಿಗೆ ತಡವಾಗಿಯಾದರೂ ಬರುತ್ತಿದ್ದವು. ಅವುಗಳಲ್ಲಿನ ಇಂಥ ಕಥೆಗಳನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು ಐದು ಕಟ್ಟು ಮಾಡಿಟ್ಟಿದ್ದೇನೆ. ದೂರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ಕಾಲವೂ ಲೋಕಲ್‌ನ ಲೇಡೀಸ್ ಬೋಗಿಯಲ್ಲಿ ಯಾರದೋ ಮೊಣಕೈಯ ಕೆಳಗೆ ಕೊಲೆಗಳನ್ನು ಓದಿದವಳು ನಾನು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದೂ ಹಿಡಿದೂ ಅನುಮಾನ ಪಡುವುದು ನನಗೆ ಅಭ್ಯಾಸವೇ ಆಗಿಹೋಗಿತ್ತು ಅಂತ ಕಾಣುತ್ತದೆ.

ಹೋದ ವರ್ಷ ಒಂದು ಬೆಳಿಗ್ಗೆ ಎಡಗಣ್ಣಿಗೆ ಮೂಲೆಯಿಂದ ಕಪ್ಪು ಪರದೆ ಎಳೆದಂತಾಯಿತು. ರೆಟಿನಾ ಕಿತ್ತುಬಂದಿದೆ ಎಂದರು. ಬಲಗಣ್ಣು ಮೊದಲಿನಿಂದಲೂ ಹೆಸರಿಗಷ್ಟೇ ಕಣ್ಣು. ಆಪರೇಷನ್ ಮಾಡಿದ ಡಾಕ್ಟರು ಒಳಗೊಂದು ಗಾಳಿಗುಳ್ಳೆ ಬಿಟ್ಟು, ಎರಡು ವಾರ ಬೋರಲಾಗಿಯೇ ಮಲಗಿರಬೇಕೆಂದು ಕಟ್ಟಪ್ಪಣೆ ಮಾಡಿದರು. “ಆಮೇಲೆ ಓದಬಹುದಲ್ಲ?” ಎಂದು ಕೇಳಿದೆ. “ಬಘೂಯಾ” ಎಂದರು. ಮರಾಠಿಯಲ್ಲಿ ನೋಡೋಣ ಎಂದರ್ಥ. ಡಾಕ್ಟರ ಬಾಯಲ್ಲಿ ಆ ಮಾತು ಯಾವ ಭಾಷೆಯಲ್ಲಿ ಬಂದರೂ ಎದೆ ಧಸಕ್ಕೆನ್ನುತ್ತದೆ.

ಬೋರಲು ಮಲಗಿದವಳ ಪ್ರಪಂಚ ಎಷ್ಟು ಚಿಕ್ಕದು ಎಂದು ಮಲಗಿದವರಿಗೇ ಗೊತ್ತು. ಯಜಮಾನರು ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಗೇ ವಾಪಸ್ಸು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮೊದಲ ಸಂಜೆ ಯಜಮಾನರು ನನ್ನ ಮೇಲಿನ ಕನಿಕರದಿಂದ ಒಂದು ಕಥೆ ಓದಿದರು. ಸೊಸೈಟಿ ಮೀಟಿಂಗಿನ ನೋಟೀಸು ಓದುವ ದನಿಯಲ್ಲಿ ಅವರು ಕೊಲೆ ಮಾಡಿಸಿದ ರೀತಿಗೆ ಸತ್ತವನಿಗೇ ಬೇಸರವಾಗಿರಬೇಕು.

ಮರುದಿನ ಮಧ್ಯಾಹ್ನ ಮಹಾದೇವಿ ನನ್ನ ಮಂಚದ ಪಕ್ಕ ನೆಲದ ಮೇಲೆ ಕುಳಿತಳು. ವಿಜಯಪುರ ಜಿಲ್ಲೆಯವಳು, ನಾಲ್ವತ್ತರ ಆಸುಪಾಸು. ಗಂಡ ಗಾರೆ ಕೆಲಸ ಮಾಡುತ್ತಾನೆ, ಸಾಂತಾಕ್ರೂಜ್‌ನಲ್ಲಿ ಮನೆ. ನಾಲ್ಕು ವರ್ಷದಿಂದ ನಮ್ಮಲ್ಲಿ ಅಡುಗೆ, ಕಸಮುಸುರೆ ಎಲ್ಲ ಅವಳದೇ.

“ಅಕ್ಕಾರ, ನಂಗ ಓದಾಕ ಬರತೈತ್ರಿ” ಎಂದಳು. “ಏಳನೇತ್ತೆ ತನಕ ಕಲ್ತೀನಿ. ಒತ್ತಕ್ಷರ ಬಂದ್ರ ಸ್ವಲ್ಪ ತಡಾ ಆಕ್ಕೈತಿ, ಅಷ್ಟ.”

ಆ ವಿಷಯ ನಾಲ್ಕು ವರ್ಷವೂ ನನಗೆ ಗೊತ್ತಿರಲಿಲ್ಲ. ಕೇಳಿದ್ದರಲ್ಲವೇ ಗೊತ್ತಾಗುವುದು.

ಅಂದಿನಿಂದ ದಿನವೂ ಎರಡರಿಂದ ನಾಲ್ಕರವರೆಗೆ ನನ್ನ ಕಟ್ಟೊಂದರಿಂದ ಒಂದೊಂದು ಕಥೆ. ಶುರುವಿನಲ್ಲಿ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದವಳು ನಾಲ್ಕೇ ದಿನದಲ್ಲಿ ಸರಾಗವಾದಳು. ನಮ್ಮ ಬಿಲ್ಡಿಂಗಿನ ನೆತ್ತಿಯ ಮೇಲೆ ವಿಮಾನಗಳು ಇಳಿಯುತ್ತಲೇ ಇರುತ್ತವೆ. ಆ ಸದ್ದು ಕಳೆಯುವವರೆಗೆ ಓದು ನಿಲ್ಲಿಸಿ, ಆಮೇಲೆ ಒಂದು ಸಣ್ಣ ಕೆಮ್ಮು ಕೆಮ್ಮಿ ಮುಂದುವರಿಸುತ್ತಿದ್ದಳು. ನನಗೆ ಅಚ್ಚರಿಯಾದದ್ದು ಬೇರೆ. ಎಂದೋ ಓದಿ ಮರೆತ ಕಥೆಗಳೇ ಆದರೂ ಕೊಲೆಗಾರರನ್ನು ಹಿಡಿಯಲು ನನ್ನಿಂದ ಆಗುತ್ತಲೇ ಇರಲಿಲ್ಲ. ಒಂದರಲ್ಲಿ ವಕೀಲ, ಇನ್ನೊಂದರಲ್ಲಿ ಸತ್ತವನ ಭಾವಮೈದ. ಮಗದೊಂದರಲ್ಲಿ ಹೆಣದ ನಾಡಿ ನೋಡಲು ಬಂದ ಡಾಕ್ಟರೇ ಕೊಂದವನು. ಅವನ ಚಪ್ಪಲಿ ಒದ್ದೆಯಾಗಿದ್ದ ಸಂಗತಿ ಮೊದಲೇ ಬಂದಿದ್ದರೂ ನನಗೆ ಹೊಳೆದಿರಲಿಲ್ಲ. ಕಣ್ಣಿನ ಜೊತೆ ಬುದ್ಧಿಯೂ ಮಂಕಾಯಿತೇ ಎಂದು ಹೆದರಿಕೆಯಾಯಿತು. ಆದರೂ ಆ ಹದಿಮೂರು ದಿನ ನಾನು ಎರಡು ಗಂಟೆಗೆ ಕಾದ ಹಾಗೆ ಡಾಕ್ಟರ ಫೋನಿಗೂ ಕಾಯಲಿಲ್ಲ.

ಕಣ್ಣು ಉಳಿಯಿತು. ಹೊಸ ಕನ್ನಡಕ ಬಂದ ದಿನ ಮೊದಲು ತೆಗೆದದ್ದು ಮಹಾದೇವಿ ಓದಿದ ಅದೇ ಕಟ್ಟು. ಒದ್ದೆ ಚಪ್ಪಲಿಯನ್ನು ಇನ್ನೊಮ್ಮೆ ನೋಡೋಣವೆಂದು ಹುಡುಕಿದೆ. ಕಥೆಯಲ್ಲಿ ಚಪ್ಪಲಿಯೇ ಇರಲಿಲ್ಲ. ಕೊನೆಯ ಪುಟದಲ್ಲಿ ಕೊಂದವಳು ಡಾಕ್ಟರಲ್ಲ, ಕಾಫಿ ತಂದುಕೊಟ್ಟ ಮನೆಗೆಲಸದವಳು. ಮುಂದಿನ ಕಥೆ ತೆಗೆದೆ. ವಕೀಲ ಸಾಧು ಮನುಷ್ಯ, ಕದ್ದು ಕೊಂದವಳು ಅಡುಗೆಯವಳು. ಹೀಗೆ ಏಳು ಕಥೆಗಳು. ಇಂಥ ಕಥೆ ಬರೆಯುವವರದು ಹಳೆಯ ಉಪಾಯ. ಟ್ರೇ ಹಿಡಿದು ಬಂದವರನ್ನು ಯಾರೂ ನೋಡುವುದಿಲ್ಲ, ಟ್ರೇಯನ್ನಷ್ಟೇ ನೋಡುತ್ತಾರೆ. ಆದ್ದರಿಂದ ಕೊನೆಯ ಸಾಲಿನಲ್ಲಿ ಅವರ ಕೊರಳಿಗೇ ಉರುಳು. ಅಷ್ಟು ವರ್ಷ ಓದಿದರೂ ಹಾಗೆ ಸಿಕ್ಕಿಬಿದ್ದ ಕೆಲಸದವರ ಎಣಿಕೆ ಎಷ್ಟಾಗುತ್ತದೆಂದು ನಾನು ಯೋಚಿಸಿರಲಿಲ್ಲ.

ಮಹಾದೇವಿ ಬಂದಾಗ ಕಟ್ಟು ನನ್ನ ತೊಡೆಯ ಮೇಲೇ ಇತ್ತು. ಅವಳಿಗೆ ಅರ್ಥವಾಯಿತು.

“ತಪ್ಪಾತೇನ್ರಿ ಅಕ್ಕಾರ?”

“ತಪ್ಪಲ್ಲ. ಯಾಕೆ ಬದಲಾಯಿಸಿದೆ ಅಂತ ಕೇಳ್ತಿದೀನಿ. ಆ ಚಪ್ಪಲಿ ಎಲ್ಲಿಂದ ತಂದೆ?”

“ನೀವು ಔಷಧಾ ಹಾಕ್ಕೊಂಡು ನಿದ್ದಿ ಮಾಡ್ತಿದ್ರಿ, ಆಗ ಮುಂದಿಂದು ಓದಿ ಇಡ್ತಿದ್ನಿ. ಹೆಂಗ ತಿರುವಬೇಕಂತ ಭಾಂಡಿ ತೊಳಕೋತ ವಿಚಾರ ಮಾಡ್ತಿದ್ನಿ. ತಿಳೀಲಿಲ್ಲಂದ್ರ ವಿಮಾನ ಬರೂ ತನಕ ಎಳೀತಿದ್ನಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮೊದಲ ಅಂಧೇರಿಯೊಳಗ ಒಂದು ಮನಿ ಕೆಲಸ ಹಿಡಿದಿದ್ನಿರಿ. ಅವರ ಉಂಗುರ ಕಾಣವಲ್ಲದಾತು. ವಾಚ್‌ಮನ್ ಮುಂದ ನನ್ನ ಚೀಲಾ ಜಾಡಿಸಿದ್ರು. ಮರುದಿನ ವಾಷಿಂಗ್ ಮಷಿನ್‌ನ್ಯಾಗ ಸಿಕ್ತು. ಸಿಕ್ತು ಅಂದ್ರು, ಅಷ್ಟ.”

ನಾನು ಕಟ್ಟನ್ನು ಮುಚ್ಚಿ ಪಕ್ಕಕ್ಕಿಟ್ಟೆ.

“ಇದ್ದದ್ದ ಓದಬೇಕಂತ ಮಾಡಿದ್ನಿ ಅಕ್ಕಾರ. ಆದ್ರ ನೀವು ಕಣ್ಣು ಮುಚ್ಚಿ ಬೋರಲ ಮಲಗೀರಿ, ಮನ್ಯಾಗ ನಾವಿಬ್ರ. ಕೆಲಸದಾಕಿನ ಕದ್ದಳು, ಕೆಲಸದಾಕಿನ ಕೊಂದಳು ಅಂತ ದಿನಾ ನಾನ ಓದಿ ಹೇಳಿದ್ರ ನಿಮಗ ನಿದ್ದಿ ಹೆಂಗ ಬರಬೇಕ್ರಿ?”

ನನ್ನ ನಿದ್ದೆಯ ಬಗ್ಗೆ ಅವಳು ಅಷ್ಟು ಯೋಚಿಸಿದ್ದಳು. ನಾನು ಮಾಡಿದ್ದನ್ನೂ ಹೇಳಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಅಡುಗೆಮನೆಯ ಮೊಳೆಗೆ ಯಾವಾಗಲೂ ತೂಗುತ್ತಿದ್ದ ಬೀರುವಿನ ಕೀಲಿಯನ್ನು ತಂದು ನನ್ನ ದಿಂಬಿನ ಕೆಳಗಿಡಿ ಎಂದು ಯಜಮಾನರಿಗೆ ಹೇಳಿದ್ದೆ. ಎರಡು ವಾರ ಅದರ ಮೇಲೆಯೇ ಮುಖವಿಟ್ಟು ಮಲಗಿದ್ದೆ. ಕಣ್ಣಿನ ಮುಲಾಮು ಹತ್ತುತ್ತದೆಂದು ಎರಡು ದಿನಕ್ಕೊಮ್ಮೆ ದಿಂಬಿನ ಚೀಲ ಬದಲಾಯಿಸಬೇಕಿತ್ತು. ಬದಲಾಯಿಸುತ್ತಿದ್ದವಳು ಮಹಾದೇವಿ. ಪ್ರತಿ ಸಲವೂ ಕೀಲಿ ಇದ್ದಲ್ಲೇ ಇರುತ್ತಿತ್ತು. ಹೀಗೆ ಒಮ್ಮೆಯಲ್ಲ, ಆರೇಳು ಸಲ.

“ಮಹಾದೇವಿ, ಆ ಕೀಲಿ…” ಎಂದು ಶುರುಮಾಡಿದೆ. “ನನ್ನದು ತಪ್ಪಾಯ್ತಮ್ಮ” ಎಂದೆ.

“ಇರಲಿ ಬಿಡ್ರಿ” ಎಂದಳು. “ಕಣ್ಣಾಗ ನೀರ ತರಬ್ಯಾಡ್ರಿ, ಡಾಕ್ಟರು ಬೈತಾರ.”

ಕೀಲಿಯನ್ನು ಅಂದೇ ಮೊಳೆಗೆ ಹಾಕಿದೆ. ಅವಳು ಅದನ್ನು ನೋಡಿ, ಕೊಬ್ಬರಿ ಮುಗಿದಿದೆ ಎಂದಳು. ಡಾಕ್ಟರಿಗೆ ಒಂದು ಡಬ್ಬಿ ಮೈಸೂರುಪಾಕು ಕೊಟ್ಟು ಬಂದೆ, ಕಣ್ಣು ಕೊಟ್ಟಿದ್ದಕ್ಕೆ. ಮಹಾದೇವಿಯ ಋಣಕ್ಕೆ ಯಾವ ಡಬ್ಬಿ ಸಾಕಾಗುತ್ತದೋ ನನಗಿನ್ನೂ ತಿಳಿದಿಲ್ಲ. ಸದ್ಯಕ್ಕೆ ಎರಡು ಗಂಟೆಯ ಕಾಫಿ ಮಾಡುವವಳು ನಾನು. ಅವಳು ಈಗ ನೆಲದ ಮೇಲಲ್ಲ, ಯಜಮಾನರ ಆರಾಮಕುರ್ಚಿಯಲ್ಲಿ ಕುಳಿತು ಓದುತ್ತಾಳೆ. ಕಣ್ಣು ಚೆನ್ನಾಗಿದ್ದರೂ ಕೇಳಿಸಿಕೊಳ್ಳುವುದೇ ನನಗೆ ಹಿತ. ಕೊಲೆಗಾರ ಯಾರೆಂದು ಊಹಿಸುವುದನ್ನು ಬಿಟ್ಟಿದ್ದೇನೆ.

ನಿನ್ನೆಯ ಕಥೆಯಲ್ಲಿ ಕೊಂದವಳು ಒಬ್ಬ ನಿವೃತ್ತ ವಿಜ್ಞಾನದ ಟೀಚರು. ಕಟ್ಟಿನಲ್ಲೂ ಹಾಗೆಯೇ ಇದೆಯೇ ಎಂದು ನಾನು ನೋಡಲು ಹೋಗಿಲ್ಲ.