ಹಲಸಿನ ಮರಕ್ಕೂ ಹಾಜರಿ

ಕಳೆದ ವಾರ ಮೂಡಬಿದ್ರೆಯ ನಮ್ಮ ಮನೆಯಲ್ಲಿ ಮೋಡೆಮ್ ಸುಟ್ಟುಹೋಯಿತು. ಸಂಜೆ ಗುಡುಗು ಶುರುವಾದದ್ದು ಕೇಳಿಸಿದರೂ ಪ್ಲಗ್ ತೆಗೆಯದೆ ಕೂತಿದ್ದೆ. ಆನ್‌ಲೈನ್ ಮೀಟಿಂಗ್ ನಡೆಯುತ್ತಿತ್ತು, ಬಾಸಿನ ಮುಖ ನೋಡಬೇಕಲ್ಲ! ಪಟ್ ಅಂತ ಒಂದು ಸದ್ದು. ಬಾಸೂ ಹೋದರು, ಲೈಟೂ ಹೋಯಿತು. ಆಮೇಲೆ ಬಂತು ನೋಡಿ ಆ ಘಾಟು... ಕರಟಿದ ಪ್ಲಾಸ್ಟಿಕ್ಕಿನದ್ದು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದರು. ನಾನು ಮಾತ್ರ ಅಲ್ಲೇ ನಿಂತು ಎರಡು ಸಲ ಮೂಸಿದೆ. ನನಗೆ ಕೇಬಲ್ ಕಾಕನ ನೆನಪಾಗಿತ್ತು.

ಬಿ.ಸಿ.ರೋಡ್ ಪೇಟೆಯ ಒಂದು ಬೇಕರಿಯ ಮಾಳಿಗೆಯಲ್ಲಿ ಅವರ ಆಫೀಸು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದವಳು ನಾನು, ನನಗೆ ಮೊದಲ ಸಂಬಳ ಕೊಟ್ಟ ಧನಿ ಅವರೇ. ಬ್ಯಾರಿ ಮನುಷ್ಯ, ದೊಡ್ಡ ಸ್ವರ, ಹೊಟ್ಟೆ ಸ್ವಲ್ಪ ಮುಂದೆ, ನಗು ಅದಕ್ಕಿಂತಲೂ ಮುಂದೆ. ಊರಿಗೆಲ್ಲ ಅವರು ಕಾಕ. ಮೊದಲು ಡಿಶ್ ಹಾಕಿ ಟಿ.ವಿ. ಲೈನು ಎಳೆದರು, ಆಮೇಲೆ ಅದೇ ದಾರಿಯಲ್ಲಿ ಇಂಟರ್ನೆಟ್ ಎಳೆದರು. ಪೊಳಲಿ ರಸ್ತೆಯಿಂದ ಹಿಡಿದು ಕಲ್ಲಡ್ಕದ ಈಚೆಯವರೆಗೆ ಅವರ ವಯರು ಓಡುತ್ತಿತ್ತು. ನನ್ನ ಕೆಲಸ ಕಂಪ್ಯೂಟರಿನಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವುದು, ಫೋನಿನಲ್ಲಿ ಅದೇ ಗಿರಾಕಿಗಳಿಂದ ಬೈಸಿಕೊಳ್ಳುವುದು. ಸಿಡಿಲಿನ ಕಾಲದಲ್ಲಿ ಸುಟ್ಟ ಮೋಡೆಮ್‌ಗಳು ಗೋಣಿಯಲ್ಲಿ ಬಂದು ಬೀಳುತ್ತಿದ್ದವು. ಕೆಳಗಿನಿಂದ ಬನ್ನಿನ ಪರಿಮಳ, ಮೇಲೆ ಈ ಘಾಟು. ಕಾಕ ಒಂದೊಂದನ್ನೇ ಮೂಸಿ, "ಇದು ಸತ್ತಿತು... ಇದಕ್ಕೆ ಜೀವ ಉಂಟು" ಅಂತ ದೊಡ್ಡ ಡಾಕ್ಟರರ ಹಾಗೆ ವಿಂಗಡಿಸುತ್ತಿದ್ದರು. ಹೆಚ್ಚಾಗಿ ತಪ್ಪುತ್ತಿತ್ತು. ಜೀವ ಉಂಟು ಅಂದದ್ದನ್ನು ಪ್ಲಗ್ಗಿಗೆ ಹಾಕಿ ಇಡೀ ಮಾಳಿಗೆಯ ಫ್ಯೂಸ್ ಹಾರಿಸಿದ್ದೂ ಉಂಟು.

ಅವರಿಗೆ ಅಭಿಪ್ರಾಯ ಇಲ್ಲದ ವಿಷಯವೇ ಇರಲಿಲ್ಲ ಮಾರಾಯ್ರೆ. ಸಾಫ್ಟ್‌ವೇರ್ ಅಂದರೆ ಸಾಕು, ಚಾ ತಣ್ಣಗಾಗುವವರೆಗೂ ಮಾತು. ಕಂಪ್ಯೂಟರ್ ನಮ್ಮದು, ಆದರೆ ಒಳಗಿನ ಸಾಫ್ಟ್‌ವೇರ್ ನಮ್ಮದಲ್ಲ, ಬಳಸಲಿಕ್ಕೆ ಲೈಸೆನ್ಸ್ ಮಾತ್ರ ಅಂತ ನಾನೊಮ್ಮೆ ವಿವರಿಸಿದ್ದೆ. ಅವರ ತಂದೆ ಹಿಂದೆ ಗೇಣಿಗೆ ಗದ್ದೆ ಮಾಡಿದವರು, ಭೂಮಸೂದೆ ಬಂದಾಗ ಡಿಕ್ಲರೇಷನ್ ಹಾಕಿ ಆ ಗದ್ದೆಯನ್ನು ಸ್ವಂತ ಮಾಡಿಕೊಂಡವರು. ಕಾಕ ಕಣ್ಣು ಅರಳಿಸಿ, "ಹಾಗಾದರೆ ಇದು ಚಾಲಗೇಣಿ! ಧನಿಗೆ ಮನಸ್ಸು ಬಂದಾಗ ನಮ್ಮನ್ನು ಎಬ್ಬಿಸಬಹುದು. ಇದಕ್ಕೆ ಡಿಕ್ಲರೇಷನ್ ಹಾಕುವ ಆಫೀಸು ಎಲ್ಲಿ ಉಂಟು ಹೇಳು, ನಾಳೆಯೇ ಹೋಗುವ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಅವರ ನೆಟ್‌ವರ್ಕಿನಲ್ಲಿ ಒಂದು ಕ್ರಮ ಇತ್ತು. ರಸ್ತೆ ಬದಿ ಕಂಬ ನೆಡಬೇಕಾದರೆ ಹತ್ತು ಆಫೀಸು ಸುತ್ತಬೇಕು. ಕಾಕನಿಗೆ ಎಲ್ಲಿದೆ ಅಷ್ಟು ತಾಳ್ಮೆ? ಜನರ ಹಿತ್ತಿಲಿನ ಮರಗಳಿಗೇ ವಯರು ಕಟ್ಟಿಕೊಂಡು ಹೋದರು. ಯಾರ ಮನೆಯ ಮರ ವಯರನ್ನು ಹೊರುತ್ತದೋ ಆ ಮನೆಗೆ ಇಂಟರ್ನೆಟ್ ಫ್ರೀ. ಬರವಣಿಗೆ ಇಲ್ಲ, ಸೈನ್ ಇಲ್ಲ, ಬಾಯಿಮಾತು. ಅದಕ್ಕೆ ನಾವು 'ಮರದ ಕನೆಕ್ಷನ್' ಅನ್ನುತ್ತಿದ್ದೆವು. ಗಿರಾಕಿಗಳ ಗುರುತೂ ಮರದಿಂದಲೇ. ಮಾವಿನ ಮೇಷ್ಟ್ರು, ಪುನರ್ಪುಳಿ ಶೆಟ್ರು, ಹಲಸಿನ ಬಾಯಮ್ಮ. ಈ ಬಾಯಮ್ಮ ಕೊಂಕಣಿ ಮಾತಾಡುವ ಅಜ್ಜಿ, ಮಗ ಸೊಸೆ ಮೊಮ್ಮಕ್ಕಳೊಂದಿಗೆ ಕೈಕಂಬದ ಹತ್ತಿರ ಇದ್ದವರು. ನಮ್ಮ ಅರ್ಧ ಲೈನು ಅವರ ಹಲಸಿನ ಮರಕ್ಕೆ ಕಟ್ಟಿದ ಡಬ್ಬಿಯಿಂದಲೇ ಕವಲಾಗಿ ಹೋಗುತ್ತಿತ್ತು.

ಇಂಟರ್ನೆಟ್ ನಮಗೆ ಬರುತ್ತಿದ್ದದ್ದು ಒಂದು ದೊಡ್ಡ ಕಂಪನಿಯಿಂದ, ನಾವು ಮನೆಮನೆಗೆ ಹಂಚುವವರು ಅಷ್ಟೇ. ಒಂದು ದಿನ ಕಂಪನಿಯಿಂದ ಆರ್ಡರ್ ಬಂತು. ಇನ್ನು ಮುಂದೆ ಎಲ್ಲ ಗಿರಾಕಿಗಳೂ ಕಂಪನಿಯ ಸಾಫ್ಟ್‌ವೇರಿನಲ್ಲೇ ಇರಬೇಕು, ಇಲ್ಲದಿದ್ದರೆ ಸಪ್ಲೈ ಬಂದ್. ಕಾಕನಿಗೆ ಮೈಯೆಲ್ಲ ಉರಿಯಿತು. ಗಿರಾಕಿಗಳ ಹೆಸರು ಅವರ ಕಂಪ್ಯೂಟರಿಗೆ ಹೋದ ಮೇಲೆ ಲೈನು ಯಾರದ್ದು, ನನ್ನದೋ ಅವರದ್ದೋ? ಆದರೆ ಸಪ್ಲೈ ಇಲ್ಲದೆ ಬರೀ ವಯರು ಇಟ್ಟುಕೊಂಡು ಏನು ಮಾಡುವುದು... ಒಪ್ಪಿದರು. ನಾನು ಎಲ್ಲರನ್ನೂ ಹೊಸ ಸಾಫ್ಟ್‌ವೇರಿಗೆ ಸೇರಿಸಿದೆ. ಅದರಲ್ಲಿ ಹೆಸರಿಗೆ ಜಾಗ ಇತ್ತು, ಫೋನಿಗೆ ಇತ್ತು, ಪ್ಲಾನಿಗೆ ಇತ್ತು. ಮರಕ್ಕೆ ಇರಲಿಲ್ಲ. ತಿಂಗಳು ಹುಟ್ಟಿದ ದಿನ ಬೆಳಿಗ್ಗೆ ದುಡ್ಡು ಕಟ್ಟಿಲ್ಲ ಅಂತ ಸಾಫ್ಟ್‌ವೇರ್ ತನ್ನಷ್ಟಕ್ಕೆ ಮರದ ಕನೆಕ್ಷನ್‌ಗಳನ್ನೆಲ್ಲ ಕಡಿದು ಹಾಕಿತು.

ಬಾಯಮ್ಮ ಫೋನ್ ಮಾಡಲಿಲ್ಲ, ಬೈಯಲೂ ಇಲ್ಲ. ಮಗನನ್ನು ಏಣಿ ಹತ್ತಿಸಿ ಡಬ್ಬಿಯಿಂದ ನಮ್ಮ ವಯರು ಕಳಚಿಸಿದರು. ಸುದ್ದಿ ಹಬ್ಬಲಿಕ್ಕೆ ಎಷ್ಟು ಹೊತ್ತು? ಮಾವಿನ ಮೇಷ್ಟ್ರು ಕಳಚಿದರು, ಶೆಟ್ರು ಕಳಚಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಊರಿಗೆ ನೆಟ್ಟಿಲ್ಲ. ಅಯ್ಯೋ ದೇವರೇ, ಅವತ್ತು ಫೋನಿನಲ್ಲಿ ನಾನು ತಿಂದ ಬೈಗುಳಕ್ಕೆ ಊಟವೇ ಬೇಕಾಗಲಿಲ್ಲ!

ಮರುದಿನ ಕಂಪನಿಯ ಮ್ಯಾನೇಜರ್ ಓಡಿಬಂದರು. ಘಟ್ಟದ ಮೇಲಿನ ಹುಡುಗ, ಪಾಪದವರು, ಬೆವರು ಒರೆಸಿಯೇ ಸುಸ್ತು. ಅವರನ್ನು ಕರೆದುಕೊಂಡು ಕಾಕ, ನಾನು ಬಾಯಮ್ಮನಲ್ಲಿಗೆ ಹೋದೆವು. ಬಾಯಮ್ಮ ಎಲ್ಲರಿಗೂ ಶರಬತ್ತು ಕೊಟ್ಟು ಕೇಳಿದರು, "ನಿಮ್ಮ ಕಂಪ್ಯೂಟರಲ್ಲಿ ನನ್ನ ಹಲಸಿನ ಮರ ಉಂಟಾ?"

"ಇಲ್ಲ ಅಮ್ಮ, ಅಂಥ ಆಪ್ಷನ್ನೇ ಇಲ್ಲ. ಹೆಡ್ಡಾಫೀಸಿಗೆ ಮೇಲ್ ಮಾಡ್ತೀನಿ."

"ಮಾಡಿ ಮಾಡಿ. ಅವರು ನನ್ನ ಮರವನ್ನು ಒಳಗೆ ಹಾಕಲಿ, ನಾನು ನಿಮ್ಮ ವಯರನ್ನು ಮೇಲೆ ಹಾಕ್ತೇನೆ."

ಕಾಕ ನಗು ತಡೆಯಲಾರದೆ ಅಂಗಳದ ಆಚೆ ಹೋಗಿ ನಿಂತರು. ದಾರಿ ಹುಡುಕಿದ್ದು ನಾನು, ಇದನ್ನು ಹೇಳಿಕೊಳ್ಳಲಿಕ್ಕೆ ನನಗೆ ನಾಚಿಕೆ ಇಲ್ಲ. ಆ ಸಾಫ್ಟ್‌ವೇರಿನಲ್ಲಿ ಒಂದೇ ಒಂದು ಬಗೆಯ ಫ್ರೀ ಕನೆಕ್ಷನ್ ಇತ್ತು, ಸ್ಟಾಫಿನದ್ದು. ಮರದವರನ್ನೆಲ್ಲ ಸ್ಟಾಫ್ ಮಾಡಿಬಿಡುವ ಅಂದೆ. ಮ್ಯಾನೇಜರ್ ಆಕಾಶ ನೋಡಿದರು. ಆಮೇಲೆ "ನಾನು ಏನೂ ಕೇಳಿಸ್ಕೊಂಡಿಲ್ಲ" ಅಂತ ಶರಬತ್ತು ಮುಗಿಸಿದರು. ಹಾಗೆ ನಮ್ಮ ವಯರು ಮತ್ತೆ ಮರ ಹತ್ತಿತು, ಬಾಯಮ್ಮ ಆ ಇಳಿವಯಸ್ಸಿನಲ್ಲಿ ಕಂಪನಿ ಕೆಲಸಕ್ಕೆ ಸೇರಿದರು. ಹುದ್ದೆ, ಲೈನ್‌ಮ್ಯಾನ್.

ಆದರೆ ಸ್ಟಾಫ್ ಅಂದ ಮೇಲೆ ಹಾಜರಿ ಒತ್ತಬೇಡವೇ? ಬೆಳಿಗ್ಗೆ ಎಲ್ಲ ಮರದವರ ಮೊಬೈಲಿಗೂ ಮೆಸೇಜು ಬಿತ್ತು, ನೀವು ಇಂದು ಗೈರುಹಾಜರು ಅಂತ. ಬಾಯಮ್ಮನ ಫೋನು, "ಯಾರು ಹೇಳಿದ್ದು ಮಗಾ? ಮರ ಬೆಳಗ್ಗಿನಿಂದ ಅಲ್ಲೇ ಉಂಟು!" ಕಾಕ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಆಫೀಸಿಗೆ ಬಂದ ಕೂಡಲೇ ನನ್ನ ಮೊದಲ ಕೆಲಸ ಮರಗಳ ಹಾಜರಿ ಹಾಕುವುದು. ಮಾವಿನ ಮೇಷ್ಟ್ರು ಭಾನುವಾರ ತನ್ನ ಮರಕ್ಕೆ ರಜೆ ಕೊಡ್ತೀರಾ ಅಂತ ಕೇಳಿದರು. ಎಷ್ಟು ಚಂದದ ದಿನಗಳು ಅವು... ಕೆಲಸಕ್ಕೆ ಹೋಗುವುದೇ ಒಂದು ಖುಷಿ.

ಖುಷಿ ಮಳೆಗಾಲದವರೆಗೆ ಮಾತ್ರ ಬಂತು. ಹೆಡ್ಡಾಫೀಸು ಹೊಸ ನಿಯಮ ತಂದಿತು, ಹಾಜರಿಯನ್ನು ಅವರವರ ಮೊಬೈಲಿನಿಂದ ಅವರವರೇ ಒತ್ತಬೇಕು ಅಂತ. ಒತ್ತದವರ ಹೆಸರು ತನ್ನಷ್ಟಕ್ಕೆ ಕೆಲಸದಿಂದ ತೆಗೆಯುವ ಪಟ್ಟಿಗೆ ಹೋಗುತ್ತಿತ್ತು. ದಿನಾ ಒತ್ತುವ ಅಭ್ಯಾಸವಿಲ್ಲದ ಮರದವರೆಲ್ಲ ಅದರಲ್ಲಿ ಇದ್ದರು. ಜೊತೆಗೆ ನಮ್ಮ ನಿಜವಾದ ಲೈನ್‌ಮ್ಯಾನ್‌ಗಳೂ ಇದ್ದರು. ಸುರಿಯುವ ಮಳೆಯಲ್ಲಿ ಮರ ಹತ್ತಿ ಕೂತವರು ಮೊಬೈಲು ಒತ್ತುವುದು ಹೇಗೆ? ಇವರನ್ನೆಲ್ಲ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಲೈನಿಗೆ ಸಪ್ಲೈ ಇಲ್ಲ ಅಂತ ಕಂಪನಿಯ ದೊಡ್ಡವರೊಬ್ಬರು ಫೋನಿನಲ್ಲಿ ಖಡಕ್ಕಾಗಿ ಹೇಳಿದರು.

ಕಾಕ ಮೊದಲ ಬಾರಿ ಮೆಲ್ಲಗೆ ಮಾತಾಡಿದ್ದನ್ನು ನಾನು ಅವತ್ತು ಕೇಳಿದೆ. "ನನ್ನ ಜನರನ್ನು ತೆಗೆಯುವುದಿದ್ದರೆ ನಾನು ತೆಗೆಯಬೇಕು. ನಾನು ತೆಗೆಯುವುದಿಲ್ಲ. ನೀವು ನನ್ನನ್ನೇ ತೆಗೆಯಿರಿ." ಫೋನ್ ಇಟ್ಟು, ಹೊಸ ನಿಯಮ ಬಂದೇ ಇಲ್ಲವೇನೋ ಎಂಬ ಹಾಗೆ ನನ್ನ ಕಡೆ ತಿರುಗಿದರು. "ಮರಗಳಿಗೆ ಇವತ್ತು ಹಾಜರಿ ಹಾಕಿದ್ದೀಯಾ?" ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಹೆದರಿಕೆಯೂ ಆಗಿತ್ತು.

ಕಂಪನಿ ತೆಗೆದೇಬಿಟ್ಟಿತು. ಕಾಕ ಬೇರೆ ಕಡೆಯಿಂದ ಸಪ್ಲೈ ತಂದರು, ಅದು ಕುಂಟುತ್ತಿತ್ತು. ಕಂಪನಿಯವರು ಹತ್ತು ಆಫೀಸು ಸುತ್ತಿ ರಸ್ತೆ ಬದಿ ಕಂಬ ನೆಟ್ಟರು, ಅವರ ಲೈನು ಕುದುರೆಯ ಹಾಗೆ ಓಡಿತು. ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಹೋದರು. ಅವರನ್ನು ದೂರಿ ಪ್ರಯೋಜನವಿಲ್ಲ, ಮಕ್ಕಳ ಆನ್‌ಲೈನ್ ಕ್ಲಾಸಿಗೆ ಸ್ಪೀಡು ಬೇಕಿತ್ತು. ಕಾಕ ಲೈನಿನ ಹುಡುಗರಿಗೆ ತಾನೇ ಹೇಳಿ ಬೇರೆ ಕಡೆ ಕೆಲಸ ಕೊಡಿಸಿದರು. ನಾನು ಮೂಡಬಿದ್ರೆಗೆ ಹೊರಟ ದಿನ ಕೆಳಗಿನ ಬೇಕರಿಯ ಬನ್ನು ಕಟ್ಟಿಸಿ ಕೊಟ್ಟು, "ಅಲ್ಲಿ ಹಾಜರಿ ಸರಿಯಾಗಿ ಒತ್ತು ಆಯ್ತಾ" ಅಂದರು. ಕೊನೆಗೆ ಕಾಕನ ಲೈನಿನಲ್ಲಿ ಉಳಿದದ್ದು ಮರದವರು ಮಾತ್ರ. ಕಾಸು ಹುಟ್ಟದ ಆ ಲೈನನ್ನು ಕಾಕ ನಡೆಸಿಯೇ ನಡೆಸಿದರು. ಯಾಕೆ ಅಂತ ಕೇಳಿದರೆ "ಮಾತು ಕೊಟ್ಟಿದ್ದೇನಲ್ಲ ಮಾರಾಯ್ತಿ" ಅಂತ ಮೊದಲಿನ ದೊಡ್ಡ ಸ್ವರದಲ್ಲೇ ಹೇಳುತ್ತಿದ್ದರು.

ಹೋದ ವರ್ಷ ಕಾಕ ತೀರಿಕೊಂಡರು, ಚಾ ಕುಡಿಯುತ್ತಾ ಕೂತಲ್ಲಿಯೇ. ಕೆಲವು ದಿನ ಬಿಟ್ಟು ಅವರ ಮನೆಗೆ ಹೋದಾಗ ಜಗಲಿಯಲ್ಲಿ ವಯರಿನ ಸುರುಳಿಗಳು ಸಾಲಾಗಿ ಇದ್ದವು. ಮರದವರು ತಾವೇ ಬಿಚ್ಚಿ, ಒರೆಸಿ, ಸುತ್ತಿ ತಂದಿದ್ದರು. ಒಂದನ್ನೂ ಕಡಿದಿರಲಿಲ್ಲ. ಬಾಯಮ್ಮ ತನ್ನ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಕಾಕ ಇಲ್ಲದ ಮೇಲೆ ಇದು ಯಾರದ್ದು ಅಂತ ಗೊತ್ತಾಗಲಿಲ್ಲ, ಅದಕ್ಕೆ ತಂದೆ" ಅಂತ ಮುಂದೆ ಇಟ್ಟರು. ಕಾಕನ ಹೆಂಡತಿ ಸುರುಳಿಯನ್ನು ಬಾಯಮ್ಮನ ಕಡೆಗೇ ಸರಿಸಿ, "ನಿಮ್ಮದೇ. ಅವರು ಯಾವಾಗಲೂ ಹಾಗೆಯೇ ಹೇಳುತ್ತಿದ್ದದ್ದು" ಅಂದರು.

ಮೊನ್ನೆ ಆದಿತ್ಯವಾರ ಬಿ.ಸಿ.ರೋಡಿಗೆ ಹೋದವಳು ಬಾಯಮ್ಮನಲ್ಲಿಗೂ ಹೋದೆ. ಅವರ ಮನೆಗೂ ಈಗ ಕಂಬದ ಲೈನು ಬಂದಿದೆ, ಸ್ಪೀಡು ಬೇಕಾದಷ್ಟು ಉಂಟಂತೆ. ಕಾಕನ ವಯರನ್ನು ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದಾರೆ. ಮೊಮ್ಮಕ್ಕಳ ಯೂನಿಫಾರ್ಮು, ಮಗನ ಪ್ಯಾಂಟು, ಸೊಸೆಯ ನೈಟಿ ಎಲ್ಲ ಸಾಲಾಗಿ ನೇತಾಡುತ್ತಿದ್ದವು. "ಗಟ್ಟಿ ವಯರು ಮಗಾ, ಇಷ್ಟು ಭಾರಕ್ಕೂ ಬಗ್ಗಲಿಲ್ಲ" ಅಂತ ಬಾಯಮ್ಮ ಅದನ್ನು ಕೈಯಿಂದ ಜಗ್ಗಿ ತೋರಿಸಿದರು. ಕಾಕ ಇರುತ್ತಿದ್ದರೆ "ಇವತ್ತು ಲೋಡು ಜಾಸ್ತಿ ಉಂಟು" ಅಂತ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಆ ನಗು ಕೇಳಬೇಕು ಅಂತ ನನಗೆ ಎಷ್ಟು ಆಸೆಯಾಯಿತು ಅಂದರೆ, ಬಾಯಮ್ಮನ ಎದುರಿಗೇ ಅತ್ತುಬಿಟ್ಟೆ.